ಸಿಂಹದ ಕೊರಳಲ್ಲಿದ್ದ ಬೀಗ

ನನ್ನ ಓರಗಿತ್ತಿ ಯಾನ್‌ಲಿಂಗ್ ಅರವತ್ತು ದಾಟಿದ ಹೆಂಗಸು. ಆದರೂ ನಮ್ಮ ಹುವೊ ಕಣಿವೆಯಲ್ಲಿ ಅವಳನ್ನು ದೊಡ್ಡವಳೆಂದು ಒಪ್ಪಿಕೊಂಡವರೇ ಇರಲಿಲ್ಲ. ಮದುವೆಮನೆಯಲ್ಲಿ ಹಿರಿಯರಿಗಿಂತ ಮೊದಲು ಮಾಂಸದ ಬಟ್ಟಲಿಗೆ ಕೈ ಹಾಕುವವಳು ಅವಳು. ಗಂಡಸರು ನೀರಿನ ಪಾಳಿಯ ಬಗ್ಗೆ ಮಾತಾಡುವಾಗ ನಡುವೆ ಬಾಯಿ ಹಾಕಿ ಅವರ ಲೆಕ್ಕವನ್ನೆಲ್ಲ ಕೆಡಿಸುವವಳೂ ಅವಳೇ. ಯಾರಾದರೂ ಸಿಟ್ಟಾದರೆ ಪಕ್ಕದವರು ಸಮಾಧಾನಪಡಿಸುತ್ತಿದ್ದರು: "ಹೋಗ್ಲಿ ಬಿಡಪ್ಪ, ಅವಳ ಬೀಗ ಇನ್ನೂ ತೆಗೆದಿಲ್ಲ." ಸಿಟ್ಟಾದವನು ನಕ್ಕುಬಿಡುತ್ತಿದ್ದ. ಈ ರಿಯಾಯಿತಿ ನನಗೆಂದೂ ಸಿಗಲಿಲ್ಲ ಎಂದು ನನಗೆ ಹೊಟ್ಟೆಕಿಚ್ಚಿತ್ತು, ಅದನ್ನು ಮುಚ್ಚಿಡುವುದೇಕೆ?

ನಮ್ಮ ಕಡೆ ಮಗು ಅಂಬೆಗಾಲಿಡಲು ಶುರು ಮಾಡಿದ ಕೂಡಲೇ ಅದರ ಸೊಂಟಕ್ಕೆ ಕೆಂಪು ಹಗ್ಗ ಕಟ್ಟಿ, ಹಗ್ಗದ ಇನ್ನೊಂದು ತುದಿಯನ್ನು ಒಂದು ಕಲ್ಲಿನ ಸಿಂಹಕ್ಕೆ ಬಿಗಿಯುತ್ತೇವೆ. ದೊಡ್ಡ ಸಿಂಹವಲ್ಲ, ಬೆಕ್ಕಿನಷ್ಟು ಇರುತ್ತದೆ. ಗುಹೆಮನೆಯೊಳಗೆ ಒಲೆಯ ಬಿಸಿ ಹಾಯುವ ಮಲಗುವ ಜಗಲಿಯ ಮೂಲೆಯಲ್ಲಿ ಅದನ್ನು ಕೂರಿಸುತ್ತೇವೆ. ಅಮ್ಮ ಹೊಲಕ್ಕೆ ಹೋದಾಗ ಮಗು ಜಗಲಿಯಿಂದ ಕೆಳಗೆ ಬೀಳದಂತೆ, ಒಲೆಯ ಕಡೆ ತೆವಳದಂತೆ ಅದು ಹಿಡಿದುಕೊಂಡಿರುತ್ತದೆ. ಕೆಟ್ಟದ್ದು ಏನಾದರೂ ಹೊಸ್ತಿಲಿಗೆ ಬಂದರೆ ಸಿಂಹದ ಕಣ್ಣು ನೋಡಿ ಹಿಂದಕ್ಕೆ ಹೋಗುತ್ತದೆ. ಮಗು ನಡೆಯಲು ಕಲಿತ ಮೇಲೆ ಹಗ್ಗ ಬಿಚ್ಚಿ, ಬದಲಿಗೆ ಸಿಂಹದ ಕೊರಳಿಗೆ ಒಂದು ಬೀಗ ಹಾಕುತ್ತಾರೆ. ಆ ಬೀಗ ಇರುವ ತನಕ ಮಗುವಿನ ಪ್ರಾಣ ಸಿಂಹದ ಕಾವಲಿನಲ್ಲಿ. ಹನ್ನೆರಡು ತುಂಬಿದ ದಿನ ಸೋದರಮಾವ ಬಂದು ಬೀಗ ತೆಗೆದು, ಬೆನ್ನಿಗೆ ಪೊರಕೆಯಿಂದ ತಟ್ಟಿ ಕಳಿಸಬೇಕು. ಆಮೇಲೆಯೇ ಅದು ಮಗುವಲ್ಲ, ಮನುಷ್ಯ.

ಯಾನ್‌ಲಿಂಗ್‌ಳ ಸಿಂಹವನ್ನು ಕೆತ್ತಿದವನು ಸಿಂಹವನ್ನು ಕಂಡವನಲ್ಲ. ನಮ್ಮ ಸೀಮೆಯಲ್ಲಿ ಯಾರು ತಾನೇ ಕಂಡಿದ್ದರು? ಅವನು ನಾಯಿಯ ಮೂತಿ, ಮಂಗನ ಕಣ್ಣು, ಅಜ್ಜನ ಹುಬ್ಬು ಎಲ್ಲ ಸೇರಿಸಿ ಇನ್ನೇನು ಸೀನಿಬಿಡುವ ಮುಖವೊಂದನ್ನು ಮಾಡಿಟ್ಟಿದ್ದ. ಒಂದು ಕಿವಿ ಅವಳ ಅಜ್ಜಿಯ ಕಾಲದಲ್ಲೇ ಮುರಿದಿತ್ತು. ತಲೆಮಾರುಗಳ ಕೂಸುಗಳೆಲ್ಲ ತಾವು ತಿಂದ ನವಣೆ ಗಂಜಿಯನ್ನು ಅದರ ಬಾಯಿಗೂ ಮೆತ್ತಿ, ಹಲ್ಲುಗಳ ಸಂದಿಯೆಲ್ಲ ಕಪ್ಪಾಗಿತ್ತು. ಕೊರಳಿಗೆ ತಾಮ್ರದ ಬಳೆ, ಬಳೆಯಲ್ಲಿ ಮೀನಿನ ಆಕಾರದ ಹಿತ್ತಾಳೆ ಬೀಗ. ಮೀನು ಕಣ್ಣು ಮುಚ್ಚುವುದಿಲ್ಲವಲ್ಲ, ಸಿಂಹ ತೂಕಡಿಸಿದರೂ ಮೀನು ಎಚ್ಚರವಿರಲಿ ಎಂದು ಅವಳಮ್ಮ ಅದನ್ನೇ ಆರಿಸಿ ತಂದಿದ್ದಳಂತೆ.

ಅವಳಿಗೆ ಹನ್ನೆರಡು ತುಂಬಬೇಕಿದ್ದ ವರ್ಷ ಹಳೆಯದನ್ನೆಲ್ಲ ಒಡೆಯುವ ವರ್ಷವಾಯಿತು. ತೋಳಿಗೆ ಕೆಂಪು ಪಟ್ಟಿ ಕಟ್ಟಿಕೊಂಡ ಹುಡುಗರು ಪಕ್ಕದೂರಿನ ಗುಡಿಯ ಸಿಂಹಗಳ ತಲೆ ಹಾರಿಸಿ ಇವರ ಊರಿನ ಕಡೆ ಹೊರಟಿದ್ದಾರೆ ಎಂದು ಸುದ್ದಿ ಬಂತು. ಅವಳಪ್ಪ ಸಿಂಹವನ್ನು ಗೋಣಿಯಲ್ಲಿ ಸುತ್ತಿ ಊರಾಚೆಯ ಒಣ ಬಾವಿಗೆ ಇಳಿಬಿಟ್ಟ. ಗಲಾಟೆ ತಣ್ಣಗಾದ ಮೇಲೆ ತೆಗೆದರಾಯಿತು ಎಂದುಕೊಂಡಿದ್ದ. ಅಷ್ಟರಲ್ಲಿ ಮಳೆ ಹಿಡಿದು ಗುಡ್ಡದ ಹಳದಿ ಮಣ್ಣು ಕುಸಿದು ಬಾವಿ ಎಲ್ಲಿತ್ತೆಂಬುದೇ ತಿಳಿಯದಂತಾಯಿತು. ಅವನು ಸಾಯುವ ತನಕ ಬಿಡುವಾದಾಗಲೆಲ್ಲ ಗುದ್ದಲಿ ಹಿಡಿದು ಹೋಗಿ ಅಗೆಯುತ್ತಿದ್ದ. ಸಿಕ್ಕಲಿಲ್ಲ. ಕೀಲಿ ಮಾತ್ರ ಮಗಳ ಕೊರಳಲ್ಲಿ ಉಳಿಯಿತು.

ಕೊರಳಲ್ಲಿ ಆ ಕೀಲಿ ಹಾಕಿಕೊಂಡೇ ಅವಳು ನಮ್ಮ ಮನೆಗೆ ಸೊಸೆಯಾಗಿ ಬಂದಳು. ಅವಳ ಗಂಡ, ಅಂದರೆ ನನ್ನ ಭಾವ ದೇಮಿನ್, ಕಮ್ಮಿ ಮಾತಿನ ಮನುಷ್ಯ. ಅವನು ಮಾಡುತ್ತಿದ್ದ ಒಂದೇ ತಮಾಷೆ ಎಂದರೆ, "ನಾನು ತಂದಿದ್ದು ಬೀಗ ಹಾಕಿದ ಪೆಟ್ಟಿಗೆ, ಒಳಗೆ ಏನಿದೆಯೋ ಇನ್ನೂ ನೋಡಿಲ್ಲ" ಎನ್ನುವುದು. ಸಂತೆಗೆ ಹೋದಾಗಲೆಲ್ಲ ಹಳೆ ಸಾಮಾನಿನವರ ಹತ್ತಿರ ನಿಂತು ಒಂದು ಕಿವಿಯ ಸಿಂಹ ಬಂದಿದೆಯೇ ಎಂದು ಕೇಳಿಕೊಂಡು ಬರುತ್ತಿದ್ದ. ಹೊಸ ಸಿಂಹ ಮಾಡಿಸಿ ಶಾಸ್ತ್ರ ಮುಗಿಸಿಬಿಡೋಣ ಎಂದು ನಾನೂ ಒಮ್ಮೆ ಹೇಳಿದ್ದೆ. "ಅದಕ್ಕೆ ನಾನು ಗಂಜಿ ತಿನ್ನಿಸಿಲ್ವಲ್ಲ" ಎಂದು ಮುಖ ತಿರುಗಿಸಿದಳು.

ಈ ಬೀಗದ ವಿಷಯ ನಗುವಂಥದ್ದು ಹೋಗಿ ಅಳುವಂಥದ್ದಾದದ್ದು ದೇಮಿನ್ ಭಾವ ತೀರಿಕೊಂಡ ದಿನ. ನಮ್ಮ ವಂಶದ ಸಮಾಧಿಗಳ ಜಾಗ ಗೊತ್ತು ಮಾಡುವವನು ಊರೆಲ್ಲ ಮೂರನೇ ಅಜ್ಜ ಎಂದು ಕರೆಯುವ ಮುದುಕ. ಇರುವವರಲ್ಲಿ ಹಿರಿಯ, ಹಟದಲ್ಲೂ ಹಿರಿಯ. ಗುಂಡಿಯ ದಿಕ್ಕಿನ ಬಗ್ಗೆ ಯಾನ್‌ಲಿಂಗ್ ಅವನ ಜೊತೆ ಎಲ್ಲರೆದುರು ಜಗಳಕ್ಕೆ ನಿಂತಳು. ಮುದುಕ ಕೆರಳಿ ಹೇಳಿಬಿಟ್ಟ:

"ಬೀಗ ತೆಗೆಯದ ಮಗು ನೀನು. ಮಕ್ಕಳು ಸತ್ತರೆ ವಂಶದ ಜಾಗದಲ್ಲಿ ಮಣ್ಣು ಮಾಡಲ್ಲ, ಹಳ್ಳದ ಅಂಚಿಗೆ ಹಾಕ್ತಾರೆ. ನಿನ್ನನ್ನ ಅವನ ಪಕ್ಕ ಮಲಗಿಸೋಕೆ ಆಗುತ್ತೋ ಇಲ್ವೋ, ಅದನ್ನ ಮೊದಲು ನೋಡ್ಕೊ."

ಸಿಟ್ಟಿನ ಮಾತು, ಮರುದಿನ ಮರೆತುಬಿಡುತ್ತಾನೆ ಎಂದುಕೊಂಡೆವು. ಆದರೆ ಅವನು ಮರೆಯಲಿಲ್ಲ, ಹಿಂತೆಗೆದುಕೊಳ್ಳಲೂ ಇಲ್ಲ. ಯಾರು ಕೇಳಿದರೂ "ನಿಯಮ ಅಂದ್ರೆ ನಿಯಮ" ಎನ್ನುತ್ತಿದ್ದ. ಹೊರಗೆ ಎಲ್ಲರನ್ನೂ ಬೈದುಕೊಂಡು ಓಡಾಡುತ್ತಿದ್ದ ಯಾನ್‌ಲಿಂಗ್ ಹಿಟ್ಟು ನಾದುತ್ತಾ ಕೂತಾಗ ನನ್ನನ್ನು ಮೆಲ್ಲಗೆ ಕೇಳುತ್ತಿದ್ದಳು, "ತಂಗಿ, ಹಳ್ಳದ ಅಂಚಿಂದ ಅವರಿರೋ ಜಾಗ ಕಾಣ್ಸುತ್ತಾ?"

ಹೋದ ವರ್ಷ ಎಲಚಿ ಹಣ್ಣು ಕೆಂಪಾಗುವ ಕಾಲ. ಸ್ವೇದೆ ಪೇಟೆಯಲ್ಲಿರುವ ನನ್ನ ಸೊಸೆ ಫೋನಿಗೆ ಒಂದು ಫೋಟೋ ಕಳಿಸಿದಳು. ಹಳೆ ಕಲ್ಲುಗಳ ಅಂಗಡಿಯೊಂದರ ಮುಂದೆ ಸಾಲಾಗಿ ಸಿಂಹಗಳು, ನಡುವೆ ಒಂದು ಸೀನುವ ಮುಖ. ಕಿವಿ ಒಂದೇ. ಕೊರಳಲ್ಲಿ ಹಸಿರುಗಟ್ಟಿದ ಮೀನು. ಕೆಳಗೆ ಸೊಸೆ ಬರೆದಿದ್ದಳು, ದೊಡ್ಡತ್ತೆಯ ತವರೂರಿನ ರಸ್ತೆ ಅಗಲ ಮಾಡುವಾಗ ಯಂತ್ರಕ್ಕೆ ಸಿಕ್ಕಿದ್ದಂತೆ ಎಂದು.

ನಾನು ಫೋನು ಹಿಡಿದು ಅವಳ ಅಂಗಳಕ್ಕೆ ಓಡಿದೆ. ಅವಳು ಮೆಣಸಿನಕಾಯಿ ಪೋಣಿಸುತ್ತಿದ್ದಳು. ಫೋಟೋ ನೋಡಿದವಳು ಎದ್ದು ಚೀಲ ಹೆಗಲಿಗೇರಿಸಿ ಚಪ್ಪಲಿ ಮೆಟ್ಟಿಕೊಂಡಳು. ಒಂದು ಅವಳದು, ಇನ್ನೊಂದು ನನ್ನದು.

"ಅಕ್ಕ, ಮೆಣಸಿನಕಾಯಿ ಮುಟ್ಟಿದ ಕೈ. ತೊಳ್ಕೊಂಡಾದ್ರೂ ಬಾ."

"ದಾರೀಲಿ ತೊಳ್ಕೊತೀನಿ. ಗಾಡಿ ಹೋಗ್ಬಿಡುತ್ತೆ."

ಮೂರು ಚಕ್ರದ ಗಾಡಿಯಲ್ಲಿ ಮೊಟ್ಟೆಯ ಬುಟ್ಟಿಗಳ ನಡುವೆ ಕೂತಾಗ ನನಗೆ ಹೊಳೆಯಿತು.

"ಬೀಗ ತೆಗೆಯೋಕೆ ಸೋದರಮಾವ ಬೇಕಲ್ಲ. ನಿನ್ನ ಮಾವ ತೀರಿಕೊಂಡು ಎಷ್ಟು ಕಾಲ ಆಯ್ತು, ಅವನಿಗೆ ಮಕ್ಕಳೂ ಇರಲಿಲ್ಲ."

"ಮೊದಲು ಸಿಂಹ ಸಿಗ್ಲಿ. ಮಾವನ್ನ ಆಮೇಲೆ ಹುಡುಕಿದ್ರಾಯ್ತು."

ಸಂತೆಯಲ್ಲಿ ಉಪ್ಪು ಕೊಂಡಂತೆ ಮಾವನನ್ನೂ ಕೊಳ್ಳುತ್ತಾಳೆ ಎಂದುಕೊಂಡೆ. ಅವಳ ಕಾಲು ಗಾಡಿಯ ತಗಡಿನ ಮೇಲೆ ತಕತಕ ಕುಣಿಯುತ್ತಿತ್ತು.

ಅಂಗಡಿಯ ಮುಂದೆ ಇಡೀ ಲೋಕವೇ ಕಲ್ಲಾಗಿ ಕೂತಿತ್ತು. ಆಮೆಯ ಬೆನ್ನ ಮೇಲೆ ನಿಂತ ಕೊಕ್ಕರೆ ದೀರ್ಘಾಯುಷ್ಯಕ್ಕೆ. ಬಾಯಲ್ಲಿ ನಾಣ್ಯ ಕಚ್ಚಿದ ಮೂರು ಕಾಲಿನ ಕಪ್ಪೆ ವ್ಯಾಪಾರಕ್ಕೆ, ಅದರ ಮುಖ ಮಾತ್ರ ಅಂಗಡಿಯ ಒಳಗಡೆಗೆ ಇರಬೇಕು. ಬೆನ್ನ ಮೇಲೆ ಕೂಸನ್ನು ಹೊತ್ತ, ಚಿಪ್ಪಿನ ಮೈಯ ಒಂಟಿಕೊಂಬಿನ ಮೃಗ ಮಕ್ಕಳಿಲ್ಲದವರಿಗೆ. ಎರಡು ಕಡೆ ಬಾಗಿಲ ಸಿಂಹಗಳು. ಹೆಣ್ಣಿನ ಪಂಜದಡಿ ಮರಿ, ಗಂಡಿನ ಪಂಜದಡಿ ಚೆಂಡು. ಕಲ್ಲಾದ ಮೇಲೂ ಗಂಡಸರಿಗೆ ಆಟವೇ. ಯಾನ್‌ಲಿಂಗ್ ಇವು ಯಾವುದನ್ನೂ ನೋಡಲಿಲ್ಲ. ನೇರ ಹೋಗಿ ಒಂದು ಕಿವಿಯ ಸಿಂಹದ ಮುಂದೆ ಕುಕ್ಕರಗಾಲಲ್ಲಿ ಕೂತು ಅದರ ಬಾಯೊಳಗೆ ಬೆರಳು ಹಾಕಿದಳು.

"ಇಷ್ಟು ದಿನ ಏನು ತಿಂದ್ಯೋ?" ಎಂದು ಕೇಳಿದಳು.

ಒಳಗಿಂದ ಅಂಗಡಿಯವನು ಓಡಿ ಬಂದ. ಮೂವತ್ತರ ಆಸುಪಾಸಿನ ಹುಡುಗ, ಕಿವಿಯ ಮೇಲೆ ಸಿಗರೇಟು ಸಿಕ್ಕಿಸಿಕೊಂಡಿದ್ದ.

"ಅಜ್ಜಿ, ಮುಟ್ಟಬೇಡಿ. ಅದು ಮಾರಾಟ ಆಗಿಹೋಗಿದೆ. ಶಿಯಾನ್‌ನಿಂದ ಒಬ್ರು ತಗೊಂಡು ಹೋಗೋಕೆ ಬರ್ತಾ ಇದಾರೆ, ಇನ್ನೇನು ಬಂದೇಬಿಟ್ರು."

"ನಿನ್ನ ಸಿಂಹ ಯಾರಿಗೆ ಬೇಕಾಗಿತ್ತು? ನಂಗೆ ಬೀಗ ತೆಗೀಬೇಕು, ಅಷ್ಟೆ. ಕೀಲಿ ಇಲ್ಲಿದೆ ನೋಡು." ಅವಳು ಕೊರಳಿನ ದಾರ ಎಳೆದು ತೋರಿಸಿದಳು.

ಹುಡುಗ ಕೀಲಿಯನ್ನು ನೋಡಿದ, ಬೀಗವನ್ನು ನೋಡಿದ, ಮುಖ ಸಪ್ಪಗಾಯಿತು. "ಬೀಗ ತೆಗೆದ್ರೆ ಉಳಿಯೋದೇನು ಅಜ್ಜಿ? ಬರೀ ಸಿಂಹ ನನ್ನತ್ರ ಗೋಡೆ ತುಂಬ ಇವೆ. ಕೊರಳಲ್ಲಿ ಬೀಗ ಹಂಗೇ ಇರೋದು ಇದೊಂದೇ. ಅವರು ಆಸೆಪಟ್ಟಿರೋದೇ ಅದನ್ನ ನೋಡಿ."

"ಆ ಬೀಗದೊಳಗಿರೋಳು ನಾನು ಕಣೋ. ನನ್ನನ್ನೂ ಸೇರಿಸಿ ಮಾರಿದ್ಯಾ?"

"ಹಂಗಂತ ಯಾರು ಬೇಕಾದ್ರೂ ಬಂದು ಹೇಳಬಹುದಲ್ಲ."

"ಯಾರು ಬೇಕಾದ್ರೂ ಕೊರಳಲ್ಲಿ ಕೀಲಿ ಕಟ್ಕೊಂಡು ಮುದುಕಿ ಆಗ್ತಾರೇನೋ, ಕಳ್ಳ ನನ್ಮಗನೆ? ಹೂತಿಟ್ಟ ಮಕ್ಕಳನ್ನ ಅಗೆದು ಮಾರೋನೆ."

ನಾನು ಅವಳ ತೋಳು ಜಗ್ಗಿದೆ. ಎದುರಿನ ಸೇವಿಗೆ ಅಂಗಡಿಯವರು ಬಟ್ಟಲು ಕೈಯಲ್ಲಿ ಹಿಡಿದೇ ಹೊರಬಂದರು. ಹುಡುಗನಿಗೂ ರೇಗಿತು. ಸಿಂಹವನ್ನು ಎತ್ತಿ ಒಳಗಿಡಲು ಬಗ್ಗಿದ. ಅವಳು ಅದರ ಕೊರಳು ತಬ್ಬಿಕೊಂಡಳು. ಆ ಕಡೆಯಿಂದ ಅವನು, ಈ ಕಡೆಯಿಂದ ಇವಳು ಎಳೆಯುತ್ತಿರುವಾಗ ಅಂಗಡಿಯೊಳಗಿಂದ ಒಂದು ಹೆಣ್ಣು ದನಿ ಕೇಳಿಸಿತು.

"ಶಾಂಗ್‌ಕುನ್, ಅದ್ಯಾರ ಹತ್ರ ಜಗಳ?"

ಯಾನ್‌ಲಿಂಗ್ ಕೈ ಬಿಟ್ಟಳು. ಹುಡುಗ ಸಿಂಹದ ಸಮೇತ ಹಿಂದಕ್ಕೆ ಕುಸಿದು ಕೂತ.

"ನಿನ್ನ ಹೆಸರು ಶಾಂಗ್‌ಕುನ್ನಾ?" ಅವಳ ದನಿಯೇ ಬೇರೆಯಾಗಿತ್ತು. "ಮನೆತನ ಯಾವುದು?"

"ಗಾವ್. ಅದನ್ನ ಕಟ್ಕೊಂಡು ನಿಮಗೇನು?"

"ಯಾವ ಊರಿನ ಗಾವ್?"

"ಗಾವ್ ದಿಬ್ಬ."

"ನಿಮ್ಮಪ್ಪನ ಹೆಸರು?"

"ಗಾವ್ ಯುನ್‌ಛಾಂಗ್. ಯಾಕೆ?"

ಯಾನ್‌ಲಿಂಗ್ ನನ್ನ ಕಡೆ ತಿರುಗಿ, "ತಂಗಿ, ಚೀಲ ಹಿಡ್ಕೊ" ಎಂದಳು. ಅಷ್ಟರಲ್ಲಿ ನನಗೂ ಅರ್ಥವಾಗಿತ್ತು. ಗಾವ್ ದಿಬ್ಬ ಅವಳ ತಾಯಿಯ ತವರು. ಅಲ್ಲಿ ಒಂದು ತಲೆಮಾರಿನ ಗಂಡಸರಿಗೆಲ್ಲ ಹೆಸರಿನ ಮೊದಲ ತುಂಡು ಒಂದೇ. ಅವಳ ತಾತ ಗಾವ್ ಯುನ್‌ಹೆ, ಅವಳ ಸೋದರಮಾವ ಗಾವ್ ಶಾಂಗ್‌ಲಿನ್. ಯುನ್‌ಗಳ ಮಕ್ಕಳು ಶಾಂಗ್‌ಗಳು. ಕಿರಿಯ ಮಕ್ಕಳ ಕಿರಿಯ ಮಕ್ಕಳ ಕವಲಿನಲ್ಲಿ, ಅಪ್ಪನ ಮುಪ್ಪಿನಲ್ಲಿ ಹುಟ್ಟಿದ ಈ ಹುಡುಗ ವಯಸ್ಸಿನಲ್ಲಿ ಅವಳ ಮಗನಿಗಿಂತ ಚಿಕ್ಕವನಾದರೂ ವಾವೆಯಲ್ಲಿ ಅವಳಮ್ಮನ ತಮ್ಮ. ನಮ್ಮಲ್ಲಿ ವಯಸ್ಸಿಗೆ ಮರ್ಯಾದೆ ಉಂಟು, ತಲೆಮಾರಿಗೆ ಅದಕ್ಕಿಂತ ಹೆಚ್ಚು.

ಈಗಷ್ಟೇ ಕಳ್ಳ ನನ್ಮಗನೆ ಎಂದಿದ್ದವಳು ಸೆರಗಿಲ್ಲದಿದ್ದರೂ ಅಂಗಿಯ ಅಂಚನ್ನು ಸರಿಮಾಡಿಕೊಂಡು ಬೀದಿಯ ಕಲ್ಲಿನ ಮೇಲೆ ಮಂಡಿಯೂರಿದಳು.

"ಮಾವ, ನಾನು ನಿಮ್ಮ ಅಕ್ಕನ ಮಗಳು. ನೀವು ಬರ್ತೀರಂತ ಕಾಯ್ತಾ ಇದ್ದೆ. ತುಂಬ ತಡ ಮಾಡಿದ್ರಿ."

ಹುಡುಗ ಕೆಂಪಗಾದ. "ಅಜ್ಜಿ, ಏಳಿ, ದಮ್ಮಯ್ಯ, ಎಲ್ಲಾರೂ ನೋಡ್ತಿದಾರೆ."

"ಅಜ್ಜಿ ಅನ್ನಬೇಡಿ ಮಾವ. ಮಗಳೇ ಅನ್ನಿ."

ಸೇವಿಗೆಯ ಬಟ್ಟಲು ಹಿಡಿದಿದ್ದ ಒಬ್ಬ ಹಿರಿಯ ಬಾಯೊಳಗಿನದನ್ನು ನುಂಗಿ ಗಂಭೀರವಾಗಿ ಹೇಳಿದ: "ವಾವೆ ಸರಿ ಇದೆ. ಗಾವ್ ದಿಬ್ಬದ ಶಾಂಗ್ ಅಂದ್ರೆ ಮಾವನೇ. ಬೀಗ ತೆಗೆಯಲ್ಲ ಅಂದ ಸೋದರಮಾವನ್ನ ನಾನಂತೂ ನೋಡಿಲ್ಲಪ್ಪ."

"ಶಿಯಾನ್‌ನವರಿಗೆ ನಾನು ಮಾತು ಕೊಟ್ಟಾಗಿದೆ," ಎಂದ ಹುಡುಗ, ಯಾರಿಗೆ ಹೇಳುತ್ತಿದ್ದೇನೆಂದು ತನಗೇ ತಿಳಿಯದವನಂತೆ.

ಆಗ ಒಳಗಿಂದ ಅವನ ಹೆಂಡತಿ ಬಂದಳು. ತುಂಬಿದ ಬಸುರಿ, ಕೈಯಲ್ಲಿ ಉಪ್ಪಿನಲ್ಲಿ ನೆನೆಸಿದ ಹುಳಿ ಹಣ್ಣು. ಮಂಡಿಯೂರಿದ ಮುದುಕಿಯನ್ನೂ ಕಲ್ಲು ತಬ್ಬಿ ಕೂತ ಗಂಡನನ್ನೂ ನೋಡಿದಳು.

"ನಾಳೆ ನಮ್ಮ ಮಗೂ ಬೀಗ ತೆಗೆಯೋ ದಿನ ನಮ್ಮಣ್ಣ ಬಂದು, ಮೊದಲು ಗಿರಾಕಿ ಕೇಳ್ತೀನಿ ಅಂದ್ರೆ ನಿಂಗೆ ಹೆಂಗಾಗುತ್ತೆ?" ಎಂದಳು. "ತೆಗಿ. ನಾನು ಪೊರಕೆ ತರ್ತೀನಿ."

ನಮ್ಮ ಬೀಗಕ್ಕೆ ಕೀಲಿ ತಿರುಗಿಸುವುದಿಲ್ಲ, ನೇರ ಒಳಕ್ಕೆ ತಳ್ಳುತ್ತಾರೆ. ಶಾಂಗ್‌ಕುನ್ ತಳ್ಳಿದ. ಮೀನು ಜಗ್ಗಲಿಲ್ಲ. ಮತ್ತೆ ತಳ್ಳಿದ, ಬೆವರಿದ. ಬಟ್ಟಲಿನ ಹಿರಿಯ ಸುತ್ತಿಗೆ ತರಲೇ ಎಂದ. ಯಾನ್‌ಲಿಂಗ್ ಮಂಡಿಯೂರಿದಲ್ಲಿಂದಲೇ ಗದರಿದಳು, "ಒಡೆದ್ರೆ ಅದು ಬೀಗ ತೆಗೆದಂಗಲ್ಲ, ಕನ್ನ ಹಾಕಿದಂಗೆ." ಹೆಂಡತಿ ಅಗಸೆ ಎಣ್ಣೆ ತಂದು ಮೀನಿನ ಬಾಯಿಗೆ ಬಿಟ್ಟಳು. ಎಲ್ಲರೂ ಕಾದೆವು. ದೇಮಿನ್ ಭಾವ, ನೀನೂ ಒಂದು ಕೈ ಹಾಕು ಎಂದು ಮನಸ್ಸಿನಲ್ಲೇ ಕೇಳಿಕೊಂಡೆ.

ಹುಡುಗ ಉಸಿರು ಬಿಗಿಹಿಡಿದು ತಳ್ಳಿದ. ಮೀನಿನ ಹೊಟ್ಟೆಯೊಳಗೆ ಏನೋ ಟಿಕ್ಕೆಂದಿತು, ಬಾಲ ಕಳಚಿ ಅವನ ಕೈಗೆ ಬಂತು.

ಜನ ಹೋ ಎಂದರು. ಶಾಂಗ್‌ಕುನ್ ತೆರೆದ ಬೀಗವನ್ನು ಅವಳ ಅಂಗೈಯಲ್ಲಿಟ್ಟ. ಹೆಂಡತಿ ಕೊಟ್ಟ ಪೊರಕೆಯಿಂದ ಅವಳ ಬೆನ್ನಿಗೆ ಮೆಲ್ಲಗೆ ತಟ್ಟಿದ. ಹೇಳಬೇಕಾದ ಮಾತು ಅವನಿಗೆ ನೆನಪಿತ್ತು.

"ಸಿಂಹ ನಿನ್ನನ್ನ ಬಿಟ್ಟಿತು. ಹೋಗು ಮಗಳೇ, ಹಿಂದೆ ನೋಡಬೇಡ."

ಬೀಗ ತೆಗೆದ ಮಗು ಎದ್ದು ಓಡಬೇಕು, ಮೊದಲ ತಿರುವು ದಾಟುವ ತನಕ ಹಿಂದಿರುಗಿ ನೋಡಬಾರದು. ನೋಡಿದರೆ ಸಿಂಹ ಮತ್ತೆ ಹಿಡಿದುಕೊಳ್ಳುತ್ತದೆ. ನನ್ನ ಓರಗಿತ್ತಿ ಓಡಿದಳು. ಮಂಡಿನೋವೆಂದು ಬಾವಿಯ ನೀರನ್ನೂ ನನ್ನ ಕೈಲೇ ಹೊರಿಸುತ್ತಿದ್ದವಳು ಕಾಲಿಗೊಂದು ಬಗೆಯ ಚಪ್ಪಲಿಯಲ್ಲಿ, ಮೀನನ್ನು ಎತ್ತಿ ಹಿಡಿದು, ಕುರಿಮಾಂಸದ ಸಾರಿನ ಗಾಡಿ, ಬಿಸಿಲಿಗೆ ಹರಡಿದ ಕಾಳು, ಸೈಕಲ್ಲು ಎಲ್ಲವನ್ನೂ ದಾಟಿಕೊಂಡು ಓಡಿದಳು. "ದಾರಿ ಬಿಡ್ರಪ್ಪ, ನಂಗೆ ಹನ್ನೆರಡು ತುಂಬ್ತು" ಎಂದು ಕೂಗುತ್ತಿದ್ದಳು. ಬೀದಿಯೇ ಚಪ್ಪಾಳೆ ತಟ್ಟಿತು. ನಾನು ನಗುತ್ತಾ, ಅಳುತ್ತಾ, ಚೀಲ ಎದೆಗವಚಿಕೊಂಡು ಅವಳ ಹಿಂದೆ ಓಡಿದೆ. ಅಷ್ಟು ಸಂತೋಷ ನನ್ನ ಮದುವೆಯ ದಿನವೂ ಆಗಿರಲಿಲ್ಲ.

ಸಂಜೆಗೆ ಮುಂಚೆ ಊರು ಸೇರಿದೆವು. ಮೂರನೇ ಅಜ್ಜ ಬಿಸಿಲು ಬೀಳುವ ಗೋಡೆಗೆ ಒರಗಿ ಅವರೆಕಾಳು ಬಿಡಿಸುತ್ತಿದ್ದ. ಯಾನ್‌ಲಿಂಗ್ ತೆರೆದ ಬೀಗವನ್ನು ಅವನ ಮೊರದೊಳಗೆ ಬೀಳಿಸಿದಳು. ಅವನು ಅದನ್ನು ಕಣ್ಣ ಹತ್ತಿರ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ.

"ಯಾರು ತೆಗೆದಿದ್ದು?"

"ನನ್ನ ಸೋದರಮಾವ."

"ಅವನು ಸತ್ತು ಮಣ್ಣಾಗಿ ಹೋದ."

"ಇನ್ನೊಬ್ಬ ಇದಾನೆ. ಮೀಸೆ ಸರಿಯಾಗಿ ಬಂದಿಲ್ಲ ಅಷ್ಟೆ."

ನಾನು ನಡೆದದ್ದನ್ನೆಲ್ಲ ಹೇಳಿದೆ. ಮುದುಕ ಗಾವ್ ದಿಬ್ಬದ ವಂಶಾವಳಿಯನ್ನು ಬೆರಳಲ್ಲಿ ಎಣಿಸಿ ನೋಡಿ, ತಪ್ಪು ಹುಡುಕಿ, ಸಿಗದೆ ತಲೆಯಾಡಿಸಿದ.

"ಹಂಗಾದ್ರೆ ಇವತ್ತಿಂದ ನೀನು ಹುವೊ ಮನೆ ಸೊಸೆ."

"ಇಷ್ಟು ದಿನ ಏನಾಗಿದ್ದೆ?"

"ಬಾಯಿಬಡುಕ ಹುಡುಗಿ." ಬೀಗವನ್ನು ಅವಳ ಕೈಗೆ ಹಿಂದಿರುಗಿಸಿದ. ಆಮೇಲೆ ನೆಲ ನೋಡುತ್ತಾ ಹೇಳಿದ, "ದೇಮಿನ್ ಪಕ್ಕದ ಜಾಗ ನಿಂದು. ಅವತ್ತೇ ಬಿಟ್ಟಿದ್ದೆ, ಬೇರೆ ಯಾರಿಗೂ ಕೊಟ್ಟಿಲ್ಲ."

ತಿರುಗಿ ಜಗಳವಾಡುತ್ತಾಳೆ ಎಂದುಕೊಂಡೆ. ಅವಳು ನೇರ ದಿಬ್ಬ ಹತ್ತಿ ಗಂಡನ ಸಮಾಧಿಯ ಹತ್ತಿರ ಹೋಗಿ, ಖಾಲಿ ಇದ್ದ ಜಾಗದ ಹುಲ್ಲಿನ ಮೇಲೆ ಕೂತಳು.

"ಪೆಟ್ಟಿಗೆ ತೆಗೆದಾಯ್ತು," ಎಂದಳು ಅವನಿಗೆ. "ಇಲ್ಲಿ ಕಾಲು ಚಾಚಬೇಡಿ, ನನ್ನ ಜಾಗ. ಆದ್ರೆ ಈಗಲೇ ಬರಲ್ಲ. ಈಗಿನ್ನೂ ಹನ್ನೆರಡು."

ನಕ್ಕಳು, ನಗುತ್ತಲೇ ಅತ್ತಳು. ಅವನು ಹೋದ ದಿನ ಜಗಳದ ಭರದಲ್ಲಿ ಅಳದೆ ಉಳಿದಿದ್ದನ್ನೂ ಸೇರಿಸಿ ಅತ್ತಳು. ನಾನು ಪಕ್ಕದಲ್ಲಿ ಕೂತೆ. ಮೂಗು ಒರೆಸಿಕೊಂಡು ನನ್ನ ಕಡೆ ನೋಡದೆಯೇ ಕೇಳಿದಳು:

"ತಂಗಿ, ನಾನು ಹಿಂದೆ ನೋಡಂಗಿರಲಿಲ್ಲ. ನೀನು ನೋಡಿದ್ಯಾ?"

ನೋಡಿದ್ದೆ. ಶಾಂಗ್‌ಕುನ್‌ನ ಹೆಂಡತಿ ಖಾಲಿ ಕೊರಳಿನ ಸಿಂಹವನ್ನು ಎತ್ತಿ ತನ್ನ ಹೆಗಲಿಗೆ ಒರಗಿಸಿಕೊಂಡು ಒಳಮನೆಗೆ ಹೋಗುತ್ತಿದ್ದಳು. ಶಿಯಾನ್‌ನವರು ಬಂದರೆ ಕಪ್ಪೆ ತೋರಿಸು, ಇದು ನಮ್ಮ ಜಗಲಿಗೆ ಎಂದು ಗಂಡನಿಗೆ ಹೇಳುವುದೂ ಕೇಳಿಸಿತ್ತು. ಅವಳ ಹೆಗಲ ಮೇಲಿಂದ ಸೀನುವ ಆ ಮುಖ ಬೀದಿಯ ಕಡೆಗಿತ್ತು.

"ನೋಡಿದೆ. ಅದಕ್ಕೆ ಇನ್ನೊಂದು ಮಗು ಸಿಕ್ತು ಅಕ್ಕ."

"ಅದಲ್ಲ ಕೇಳಿದ್ದು. ನನ್ನ ಕಡೆ ನೋಡ್ತಿತ್ತಾ?"

"ನೋಡ್ತಿತ್ತು," ಎಂದೆ. "ನೀನು ತಿರುವು ದಾಟೋ ತನಕ."